ನೀಲಿ ಉರಿಗಾಗಿ ಪಟ್ಟ ಪಾಡು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಫಜೀತಿಗಳು ಬರುತ್ತವೆ, ಬಂದ ಮೇಲೆ ಬೇಗ ಹೋಗುವುದೂ ಇಲ್ಲ. ಅದರಲ್ಲೂ ಹಿತ್ತಲಲ್ಲಿ ಆ ಪ್ರೊಪೇನ್ ಬರ್ನರು ಬಂದು ಕೂತ ಮೇಲಂತೂ ಒಂದರ ಹಿಂದೆ ಒಂದು.

ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಯಲ್ಲಿ ಬಿಯರ್ ಮಾಡುವ ಹೆಂಗಸು. ವಯಸ್ಸು ನಲವತ್ತೊಂಬತ್ತು, ಹುಟ್ಟಿದ್ದು ದಾವಣಗೆರೆ, ಈಗ ಇರುವುದು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ, ಗುಡ್ಡದ ಬುಡಕ್ಕೆ. ಆಫೀಸಿನಲ್ಲಿ ನನ್ನ ಕೆಲಸ, ಕೆಟ್ಟುಹೋದ ಚಿಪ್ಪು ಯಾಕೆ ಕೆಟ್ಟಿತು ಅಂತ ಕಂಡುಹಿಡಿಯುವುದು. ವಾರವಿಡೀ ಬೇರೆಯವರು ಕೆಡಿಸಿದ್ದನ್ನೇ ನೋಡಿ ನೋಡಿ, ಶನಿವಾರ ಬಂತೆಂದರೆ ನನ್ನ ಕೈಯಾರೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಹಾಕಿ, ಆ ಸಿಹಿ ನೀರನ್ನು ಬಸಿದು, ದೊಡ್ಡ ಕೊಳಗದಲ್ಲಿ ಒಂದು ಗಂಟೆ ಚೆನ್ನಾಗಿ ಕುದಿಸಬೇಕು. ಅಡುಗೆಮನೆಯ ಒಲೆಯ ಮೇಲೆ ಅಷ್ಟು ನೀರು ಕುದಿ ಬರುವ ಹೊತ್ತಿಗೆ ಸಂಜೆಯಾಗುತ್ತದೆ. ಅದಕ್ಕೇ ಹಿತ್ತಲಲ್ಲಿ ಮೂರು ಕಾಲಿನ ಕಬ್ಬಿಣದ ಬರ್ನರು, ಪಕ್ಕದಲ್ಲೊಂದು ಪ್ರೊಪೇನ್ ಸಿಲಿಂಡರು, ನಡುವೆ ರೆಗ್ಯುಲೇಟರ್ ಇರುವ ಒಂದು ಪೈಪು. ಸರಿಯಾಗಿ ಹತ್ತಿಕೊಂಡರೆ ನೀಲಿ ಉರಿ ಗೊರ್ ಅಂತ ಸದ್ದು ಮಾಡುತ್ತದೆ. ಆ ಸದ್ದಿನಲ್ಲಿ ಯಾರು ಕರೆದರೂ ನನಗೆ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಮ್ಯಾನೇಜರೂ ಅಲ್ಲ. ಅಷ್ಟು ಹೊತ್ತು ನನಗೆ ಬೇಕೇ ಬೇಕು.

ನಮ್ಮ ಮನೆಯವರಿಗೆ ಬಿಯರ್ ಮೇಲೆ ಸಿಟ್ಟಿಲ್ಲ. ಅವರು ಕುಡಿಯುವುದಿಲ್ಲ, ಕುಡಿಯುವವರನ್ನು ಬೈಯುವುದೂ ಇಲ್ಲ. ಅವರ ಭಯವೆಲ್ಲ ಸಿಲಿಂಡರಿನದು. ಬಾಗಲಕೋಟೆಯಲ್ಲಿ ಬೆಳೆದವರು, ಆರಡಿ ಎತ್ತರ, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ, ನೂರಾರು ಜನರ ಮುಂದೆ ಎದೆ ಸೆಟೆಸಿ ಮಾತಾಡುತ್ತಾರೆ. ಸಿಲಿಂಡರ್ ಇರುವ ಕಡೆ ಮಾತ್ರ, ಮಲಗಿದ ಮಗು ಎದ್ದುಬಿಟ್ಟೀತು ಅನ್ನುವ ಹಾಗೆ ತುದಿಗಾಲಲ್ಲಿ ನಡೆಯುತ್ತಾರೆ.

ಅರ್ಧ ಹುಬ್ಬು

ಬರ್ನರು ಮನೆಗೆ ಬಂದ ಮೊದಲ ಶನಿವಾರ. ಅದಕ್ಕೆ ತಾನಾಗಿ ಹತ್ತಿಕೊಳ್ಳುವ ಗುಂಡಿ ಇರಲಿಲ್ಲ, ನಾವೇ ಹಚ್ಚಬೇಕು. ಅದಕ್ಕೇನಂತೆ, ನನ್ನ ಹತ್ತಿರ ದಾವಣಗೆರೆಯಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಸ್ಟೀಲಿನ ಗ್ಯಾಸ್ ಲೈಟರು ಇತ್ತಲ್ಲ. ಗ್ಯಾಸು ಬಿಟ್ಟೆ. ಟಕ್. ಟಕ್ ಟಕ್. ಗಾಳಿ ಬೀಸುತ್ತಿತ್ತು, ಕಿಡಿ ಹಾರುತ್ತಿತ್ತು, ಬೆಂಕಿ ಹತ್ತಲೊಲ್ಲದು.

ನಮ್ಮ ಮನೆಯವರು ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಹತ್ತಿತೇನು?" ಅಂದರು.

"ಇಲ್ಲ ರೀ."

"ಹಂಗಾದ್ರೆ ಬಂದ್ ಮಾಡು ಮೊದಲು!"

"ಒಂದ್ನಿಮಿಷ ಇರಿ, ಇನ್ನೊಂದೇ ಸಲ."

ಇನ್ನೊಂದೇ ಸಲಕ್ಕೆ ಹತ್ತಿತು. ಅಲ್ಲಿಯವರೆಗೆ ಬಿಟ್ಟಿದ್ದ ಗ್ಯಾಸೆಲ್ಲ ಕೊಳಗದ ಕೆಳಗೇ ಕೂತಿತ್ತು, ಅದೆಲ್ಲ ಒಟ್ಟಿಗೆ ಭಗ್ ಅಂತು. ನಾನು ಹಿಂದಕ್ಕೆ ಬಿದ್ದೆ. ಕೂದಲು ಸುಟ್ಟ ವಾಸನೆ ಬಂತು. ಯಾರ ಕೂದಲು ಅಂತ ತಿಳಿಯುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.

ಮನೆಯವರು ಓಡಿ ಬಂದು ಸಿಲಿಂಡರಿನಿಂದ ನಾಲ್ಕು ಮಾರು ದೂರದಲ್ಲಿ ಗಕ್ಕನೆ ನಿಂತರು. ಅಲ್ಲಿಂದಲೇ ಕೈ ಎತ್ತಿ, "ಕಣ್ಣು ಕಾಣ್ತಾವೇನು? ಇವು ಎಷ್ಟು ಬೆರಳು ಹೇಳು" ಅಂದರು.

"ಕೈ ಹಂಗೆ ನಡುಗ್ತಾ ಇದ್ರೆ ಹೆಂಗ್ರೀ ಎಣಿಸೋದು?"

ಕಣ್ಣು ಸರಿಯಾಗೇ ಇತ್ತು. ಎಡಗಡೆಯ ಹುಬ್ಬಿನ ಅರ್ಧ ಹೋಗಿತ್ತು. ಅವತ್ತೇ ಊಟದ ಮೇಜಿನ ಮೇಲೆ ಕರಾರು ಆಯಿತು. ಈ ಬರ್ನರಿನಿಂದ ಮೂರು ಸಲ ತೊಂದರೆಯಾದರೆ ಅದನ್ನು ಮನೆಯಿಂದ ಹೊರಗೆ ಹಾಕುವುದು, ಆಮೇಲೆ ಆ ಮಾತನ್ನೇ ಎತ್ತಬಾರದು. ಮನೆಯವರು ಅದನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ತಪ್ಪು ನನ್ನದೇ ಆಗಿದ್ದರಿಂದ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ಹನ್ನೆರಡನೇ ಕ್ಲಾಸಿನ ಮಗಳು ಬಂದು ಓದಿ, "ಮಾಮ್, ಯು ಸೈನ್ಡ್ ದಿಸ್?" ಅಂದಳು. ಕೆಳಗೆ ಮೊದಲ ತೊಂದರೆಯ ಲೆಕ್ಕಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಬಿತ್ತು.

ಸೋಮವಾರ ಹೋದ ಹುಬ್ಬನ್ನು ಕಾಡಿಗೆಯಲ್ಲಿ ಬರೆದುಕೊಂಡು ವಿಡಿಯೋ ಮೀಟಿಂಗಿಗೆ ಕೂತೆ. ಕೈ ತಪ್ಪಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ಹೊಸ ಚಿಪ್ಪನ್ನು ಗಿರಾಕಿಗೆ ಕಳಿಸುವ ತೀರ್ಮಾನ ಅವತ್ತು. ನಮ್ಮ ಬಾಸು ಮಾತಾಡುತ್ತಾ ಮಾತಾಡುತ್ತಾ ನನ್ನ ಮುಖ ನೋಡಿ ನಿಲ್ಲಿಸಿದರು. "ನಿಮಗೆ ಏನೋ ಅನುಮಾನ ಇದೆ."

"ಇಲ್ಲ, ಏನೂ ಇಲ್ಲ" ಅಂದೆ.

"ಇದೆ. ಕಾಣಿಸ್ತಾ ಇದೆ. ಇನ್ನೊಂದು ವಾರ ಟೆಸ್ಟ್ ಮಾಡೋಣ."

ಇನ್ನೊಂದು ವಾರ ಟೆಸ್ಟ್ ಮಾಡಿದಾಗ ನಿಜವಾಗಿಯೂ ಒಂದು ದೋಷ ಸಿಕ್ಕಿತು! ಇಡೀ ಗುಂಪಿನಲ್ಲಿ ನನ್ನ ಸೂಕ್ಷ್ಮ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು. ಹುಬ್ಬು ಮತ್ತೆ ಬೆಳೆಯಿತು, ಆ ಗೌರವ ಹೋಯಿತು.

ಮುಂದಿನ ಸೀಟು

ಸಿಲಿಂಡರು ಖಾಲಿಯಾಯಿತು. ತುಂಬಿಸುವ ಜಾಗ ನಮ್ಮ ಮನೆಯಿಂದ ಐದೇ ನಿಮಿಷ. ಆದರೆ ಮನೆಯವರು ಒಂದು ಸಲ ಅಲ್ಲಿಯ ಹುಡುಗಿ ಗ್ಯಾಸು ತುಂಬಿಸುವಾಗ ಫೋನಿನಲ್ಲಿ ನಗುತ್ತಿದ್ದುದನ್ನು ನೋಡಿದ್ದರು. ನಗುವವರನ್ನು ನಂಬುವ ಹಾಗಿಲ್ಲ ಅಂತ ಅರ್ಧ ಗಂಟೆ ದೂರದ ಫ್ರೀಮಾಂಟಿಗೆ ಹೊರಟೆವು. ಅಲ್ಲಿ ತುಂಬಿಸುವ ಅಜ್ಜ ಯಾವಾಗಲೂ ಮುಖ ಗಂಟಿಕ್ಕಿಕೊಂಡಿರುತ್ತಾನಂತೆ. ಹೇಗೂ ಇಂಡಿಯನ್ ಗ್ರೋಸರಿಗೆ ಹೋಗುವುದೂ ಇತ್ತು.

ವಾಪಸ್ ಬರುವಾಗ ತುಂಬಿದ ಸಿಲಿಂಡರನ್ನು ಎಲ್ಲಿಡುವುದು ಅಂತ ವಾದ ಶುರುವಾಯಿತು. ಡಿಕ್ಕಿಯಲ್ಲಿ ಇಡಬಾರದು, ಗಾಳಿಯಾಡುವುದಿಲ್ಲ ಅಂದರು. ಅದು ಸರಿಯೇ. ಹಿಂದಿನ ಸೀಟಿನಲ್ಲಿ ಇಡಬಾರದು, ಕಣ್ಣಿಗೆ ಬೀಳುವುದಿಲ್ಲ ಅಂದರು. ಕೊನೆಗೆ ಸಿಲಿಂಡರು ಮುಂದಿನ ಸೀಟಿನಲ್ಲಿ, ಬೆನ್ನಿಗೊಂದು ಟವೆಲು, ಹೊಟ್ಟೆಗೆ ಬೆಲ್ಟು ಕಟ್ಟಿಕೊಂಡು ಕೂತಿತು. ನಾನು ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆಯ ಪಕ್ಕ.

"ಅದರ ಕುತ್ತಿಗೆ ಹಿಡ್ಕೊಂಡಿರು. ಅಲುಗಾಡಬಾರದು" ಅಂತ ಅಪ್ಪಣೆಯಾಯಿತು.

ಹಿಡಿದುಕೊಂಡೆ. ನಾಲ್ಕೂ ಕಿಟಕಿ ತೆರೆದು, ಅಪಾಯದ ದೀಪ ಮಿನುಗಿಸುತ್ತಾ, ಫ್ರೀವೇಯಲ್ಲಿ ಎಲ್ಲರೂ ಎಪ್ಪತ್ತು ಮೈಲಿ ವೇಗದಲ್ಲಿ ಹೋಗುವಾಗ ನಾವು ಮೂವತ್ತೈದರಲ್ಲಿ ಹೊರಟೆವು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಗ್ಯಾಸಿನಿಂದ ಸಾಯುವುದಿಲ್ಲ, ಈ ಲಾರಿಯಿಂದ ಸಾಯುತ್ತೇನೆ ಅಂತ ನನಗೆ ಖಾತ್ರಿಯಾಗಿತ್ತು. ನಿಜಕ್ಕೂ ಹೆದರಿದ್ದೆ, ದೇವರ ಹೆಸರೆಲ್ಲ ಹೇಳಿಕೊಂಡೆ.

ಅಷ್ಟರಲ್ಲಿ ಹಿಂದೆ ಪೊಲೀಸರ ಕೆಂಪು ನೀಲಿ ದೀಪ. ಮನೆಯವರು ಕಾರನ್ನು ಪಕ್ಕಕ್ಕೆ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಬೆವರುತ್ತಾ ಕೂತರು. ಅಧಿಕಾರಿ ಬಗ್ಗಿ ಮುಂದಿನ ಸೀಟು ನೋಡಿದ. ಹಿಂದಿನ ಸೀಟು ನೋಡಿದ. ಮತ್ತೆ ಮುಂದಿನ ಸೀಟು ನೋಡಿದ.

"ಇಷ್ಟು ನಿಧಾನ ಯಾಕೆ?" ಅಂತ ಕೇಳಿದ.

"ಇದರ ಸುರಕ್ಷತೆಗೆ ಸಾರ್" ಅಂದರು ಇವರು.

ಅಧಿಕಾರಿ ಸಿಲಿಂಡರಿನ ಬೆಲ್ಟನ್ನು ಎಳೆದು ನೋಡಿ, ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ತಾನು ನೋಡಿಯೇ ಇಲ್ಲ ಅಂತ ಮೆಚ್ಚಿಕೊಂಡ. ನಿಧಾನಕ್ಕೆ ಬರೀ ಬುದ್ಧಿ ಹೇಳಿ ಬಿಟ್ಟ. ಆಮೇಲೆ ಹಿಂದೆ ಬಂದು, ಸಿಲಿಂಡರಿನ ಕುತ್ತಿಗೆ ಹಿಡಿಯಲು ಮುಂದಕ್ಕೆ ಬಗ್ಗಿ ಕೂತಿದ್ದ ನನ್ನನ್ನು ನೋಡಿದ. ನಾನು ಬೆಲ್ಟ್ ಹಾಕಿರಲಿಲ್ಲ. ದಂಡದ ಟಿಕೆಟ್ಟು ನನ್ನ ಹೆಸರಿಗೆ ಬರೆದ.

ಮನೆಗೆ ಬಂದು ಮನೆಯವರು ಸೀದಾ ಫ್ರಿಜ್ಜಿಗೆ ಹೋಗಿ ಎರಡನೇ ಕೆಂಪು ಗೆರೆ ಎಳೆದರು. "ಇದು ಅನ್ಯಾಯ. ಬರ್ನರು ಮನೆಯಲ್ಲಿತ್ತು, ಅದೇನು ಮಾಡಿತ್ತು ಪಾಪ?" ಅಂತ ಕೂಗಾಡಿದೆ.

"ಬರ್ನರು ಇರದಿದ್ರೆ ಸಿಲಿಂಡರು ಯಾಕೆ ಬೇಕಿತ್ತು?" ಅಂದರು. ಮಗಳನ್ನು ಸಾಕ್ಷಿಗೆ ಕರೆದೆ. ಅವಳು ಟಿಕೆಟ್ಟು ನೋಡಿ, ಆ ಕಾರಿನಲ್ಲಿ ನಿಯಮ ಪಾಲಿಸಿದ್ದು ಸಿಲಿಂಡರೊಂದೇ ಅಂತ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು.

ಹೆಲ್ಪ್‌ಲೈನು

ಇನ್ನು ಉಳಿದದ್ದು ಒಂದೇ ಗೆರೆ. ನಾನು ಆಮೇಲೆ ಪ್ರತಿ ಶನಿವಾರವೂ ಪರೀಕ್ಷೆಗೆ ಕೂತ ಹಾಗೆ ಒಲೆ ಹಚ್ಚತೊಡಗಿದೆ. ಹೀಗಿರುವಾಗ ಒಂದು ಶನಿವಾರ ನೀಲಿ ಬರುವ ಬದಲು ಹಳದಿ ಉರಿ ಬಂತು. ಉರಿ ಅತ್ತ ಇತ್ತ ಹೊಯ್ದಾಡುತ್ತಾ ಕೊಳಗದ ತಳಕ್ಕೆ ಮಸಿ ಹತ್ತಿಸಿತು. ಪುಣ್ಯಕ್ಕೆ ಮನೆಯವರು ಫ್ರೀಮಾಂಟಿಗೆ ಹೋಗಿದ್ದರು. ಬರುವುದಕ್ಕೆ ಎರಡು ಗಂಟೆ ಸಮಯವಿತ್ತು. ಬರ್ನರ್ ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಹಚ್ಚಿದೆ.

ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಬಂದ. ಚೊಕ್ಕ ಅಮೆರಿಕನ್ ಇಂಗ್ಲಿಷು. ಆಫ್ ಮಾಡಿ ಆನ್ ಮಾಡಿದ್ದೀರಾ ಅಂತ ಕೇಳಿದ. ಮಾಡಿದೆ ಅಂದೆ. ಕರೆಂಟಿನ ವೈರು ಸರಿಯಾಗಿ ಚುಚ್ಚಿದೆಯೇ ಅಂತ ಕೇಳಿದ. ಇದಕ್ಕೆ ವೈರೇ ಇಲ್ಲ ಅಂದೆ. ಅವನು ಗಾಬರಿಯಾಗಿ ಕಾಗದ ತಿರುವಿ ಹಾಕುವ ಸದ್ದು ಕೇಳಿಸಿತು. ನಾನು ಗಡಿಯಾರ ನೋಡುತ್ತಿದ್ದೆ, ಒಂದು ಗಂಟೆ ಹೋಗಿತ್ತು.

ಆಗ ಅವನು ಪಕ್ಕಕ್ಕೆ ತಿರುಗಿ ಮೆಲ್ಲಗೆ, "ಇರೋ ಮಗಾ, ಇಲ್ಲೊಂದು ತಗ್ಲಾಕ್ಕೊಂಡಿದೆ" ಅಂದ.

"ಕನ್ನಡದವರೇನಪ್ಪಾ?" ಅಂದುಬಿಟ್ಟೆ.

ಅವನ ಅಮೆರಿಕನ್ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಆಮೇಲೆ, "ಹೌದು ಮೇಡಂ. ಬೆಂಗಳೂರು. ಸಾರಿ ಮೇಡಂ" ಅಂತ ಬಂತು.

"ಸಾರಿ ಎಲ್ಲ ಆಮೇಲೆ. ನೋಡಪ್ಪಾ, ನಮ್ಮ ಮನೆಯವರು ಬರೋ ಹೊತ್ತಾಯ್ತು. ಈ ಉರಿ ಹಳದಿ ಯಾಕೆ ಬರ್ತಿದೆ, ಬಿಡಿಸಿ ಹೇಳು."

ಅವನು ದನಿ ಇನ್ನೂ ಇಳಿಸಿದ. "ನಿಜ ಹೇಳ್ಲಾ ಮೇಡಂ? ನಮ್ಮನೇಲಿ ಇಂಡಕ್ಷನ್ನು. ಸಿಲಿಂಡರ್ ಹತ್ರ ನಮ್ಮಮ್ಮ ನನ್ನ ಬಿಡೋದೇ ಇಲ್ಲ. ನಾನು ಇಲ್ಲೀವರೆಗೂ ಒಲೆ ಹಚ್ಚಿದೋನೇ ಅಲ್ಲ. ನಿಮ್ಮನೇಲಿ ಯಾರಾದ್ರೂ ದೊಡ್ಡೋರಿದ್ರೆ ಅವ್ರನ್ನ ಕೇಳಿ ಮೇಡಂ."

ಫೋನ್ ಇಡುವ ಮುಂಚೆ, "ಕೊನೇಲಿ ಸ್ಟಾರ್ ಕೇಳ್ತಾರೆ ಮೇಡಂ, ಐದು ಒತ್ತಿ" ಅಂದ. ಒತ್ತಿದೆ. ಗೊತ್ತಿಲ್ಲ ಅಂತ ಗೊತ್ತಿರುವ ಎಂಜಿನಿಯರನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲೇ ಇಲ್ಲ.

ಅತ್ತೆಯ ಪಿನ್ನು

ಮನೆಯಲ್ಲಿ ದೊಡ್ಡವರು ಇದ್ದರು. ಬಾಗಲಕೋಟೆಯಿಂದ ನಮ್ಮ ಅತ್ತೆ ಆರು ತಿಂಗಳಿಗೆ ಅಂತ ಬಂದಿದ್ದರು. ವಯಸ್ಸು ಎಪ್ಪತ್ನಾಲ್ಕು. ನಾನು ಏನು ಕುದಿಸುತ್ತೇನೆ ಅನ್ನುವುದನ್ನು ಬಂದ ದಿನವೇ ಅವರಿಗೆ ಹೇಳಿದ್ದೆ. "ನಾ ಏನ್ ಕುಡಿಯೂದಿಲ್ಲವಾ. ಆದ್ರ ಕುದಿಸೂದು ಹೆಂಗಂತ ನೋಡಾಕೇನು?" ಅಂದಿದ್ದರು. ಅವತ್ತೂ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ತೊಗರಿಬೇಳೆ ಆರಿಸುತ್ತಾ, ನನ್ನ ಒದ್ದಾಟವನ್ನೆಲ್ಲ ಕೇಳಿಸಿಕೊಂಡಿದ್ದರು.

"ಆರ್ಸು ಅದನ್ನ. ತಣ್ಣಗಾಗ್ಲಿ" ಅಂದರು ಅತ್ತೆ. "ಅದರ ಉಸಿರು ಕಟ್ಟೈತಿ. ಮೂವತ್ತು ವರ್ಷ ಸೀಮೆಎಣ್ಣಿ ಪಂಪ್ ಸ್ಟೋವಿನ ಮುಂದ ಕುಂತಾಕಿ ನಾನು."

ಅತ್ತೆಯ ಮಾಂಗಲ್ಯದ ಸರದಲ್ಲಿ ಯಾವಾಗಲೂ ನಾಲ್ಕೈದು ಸೇಫ್ಟಿ ಪಿನ್ನು ನೇತಾಡುತ್ತಿರುತ್ತವೆ. ಅದರಲ್ಲಿ ಸಣ್ಣದೊಂದನ್ನು ಬಿಚ್ಚಿ, ಗ್ಯಾಸು ಬರುವ ತೂತಿಗೆ ಮೆಲ್ಲಗೆ ಚುಚ್ಚಿ ತೆಗೆದರು. ಏನೂ ಬರಲಿಲ್ಲ. ಆಮೇಲೆ ಬರ್ನರನ್ನು ಮಗ್ಗುಲಾಗಿಸಿ, ಗಾಳಿ ಎಳೆದುಕೊಳ್ಳುವ ಕೊಳವೆಯೊಳಗೆ ಒಂದು ಕಣ್ಣು ಮುಚ್ಚಿ ನೋಡಿದರು.

"ಇಲ್ಲೆ ಬಾ. ಒಳಗ ಯಾರೋ ಬಾಡಿಗಿಗೆ ಅದಾರ."

ನೋಡಿದರೆ ಕೊಳವೆಯ ತುಂಬ ಬೆಳ್ಳನೆಯ ಬಲೆ. ನಡುವೆ ಒಂದು ಜೇಡ, ಅದರ ಮೊಟ್ಟೆ ಗೂಡು, ಸಂಸಾರ ಸಮೇತ. ಗಾಳಿ ಒಳಗೆ ಹೋಗುವುದಕ್ಕೆ ದಾರಿಯೇ ಇರಲಿಲ್ಲ. ಈ ಗ್ಯಾಸಿಗೆ ಸೇರಿಸಿದ ವಾಸನೆ ಕೆಲವು ಜೇಡಗಳಿಗೆ ಇಷ್ಟವಂತೆ, ಹುಡುಕಿಕೊಂಡು ಬರುತ್ತವಂತೆ. ಅದನ್ನು ಆಮೇಲೆ ಓದಿ ತಿಳಿದುಕೊಂಡೆ. ಬಾಟಲಿ ತೊಳೆಯುವ ಬ್ರಷ್ಷಿನಿಂದ ನಾನು ಬಲೆ ಎಳೆಯತೊಡಗಿದೆ. ಕೊಲ್ಲಬೇಡ ಅಂತ ಅತ್ತೆ ಜೇಡವನ್ನೂ ಗೂಡನ್ನೂ ಕಾಗದದ ಮೇಲೆ ತೆಗೆದುಕೊಂಡು ಕರಿಬೇವಿನ ಗಿಡಕ್ಕೆ ಬಿಡಲು ಹೋದರು.

ಸರಿಯಾಗಿ ಆಗಲೇ ಮನೆಯವರು ಗ್ರೋಸರಿ ಚೀಲ ಹಿಡಿದು ಬಂದರು. ಮಸಿ ಹಿಡಿದ ಕೊಳಗ, ಮಗ್ಗುಲಾಗಿ ಮಲಗಿದ ಬರ್ನರು, ಕಪ್ಪಾದ ನನ್ನ ಕೈ, ಎಲ್ಲ ನೋಡಿದರು. ಚೀಲ ಅಲ್ಲೇ ಇಟ್ಟು, "ಮೂರು!" ಅಂತ ಒಳಗೆ ಓಡಿದರು. ನಾನು ಹಿಂದೆಯೇ ಓಡಿದೆ. ಕೆಂಪು ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದರು.

"ಏ ತಮ್ಮಾ, ನಿಂದರು" ಅಂತ ಅತ್ತೆ ಬಾಗಿಲಿಗೆ ಬಂದರು. ಉತ್ತರ ಕರ್ನಾಟಕದ ತಾಯಂದಿರು ಮಗನನ್ನು ಎಷ್ಟೇ ದೊಡ್ಡವನಾದರೂ ತಮ್ಮಾ ಅನ್ನುತ್ತಾರೆ. "ಮನಶ್ಯಾಗ ನೆಗಡಿ ಬಂದ್ರ ಮನಿಯಿಂದ ಹೊರಗ ಹಾಕ್ತಾರೇನು? ಮೂಗು ಕಟ್ಟಿತ್ತು, ಬಿಡಿಸೀವಿ. ಇದರಾಗ ಒಲಿದೇನ್ ತಪ್ಪೈತಿ?"

"ಅವ್ವಾ, ನಿನಗ ಗೊತ್ತಾಗೂದಿಲ್ಲ. ಇದು ಭಾಳ ಡೇಂಜರ್ ಐತಿ."

"ಹೌದಪಾ, ನನಗೇನು ಗೊತ್ತು. ಆದ್ರ ನೋಡು, ಉಗರಿನಷ್ಟು ಇರದ ಜ್ಯಾಡ ಬರ್ನರಿನ ಒಳಗs ಸಂಸಾರ ಹೂಡೈತಿ. ಆರು ಫೂಟಿನ ನನ್ನ ಮಗ ಗ್ಯಾರೇಜಿನ ಬಾಗಿಲಾಗ ನಿಂತಾನ."

ಮನೆಯವರು ಪೆನ್ನು ಹಿಡಿದು ತುಂಬ ಹೊತ್ತು ಯೋಚಿಸಿ ಅರ್ಧ ಗೆರೆ ಎಳೆದರು.

ಬೆಂಕಿ ಹತ್ತಲಿಲ್ಲ

ಇದಾಗಿ ಎರಡು ವಾರಕ್ಕೆ ಇನ್ನೊಂದು ಶನಿವಾರ. ಬೆಳಿಗ್ಗೆ ಬೇಗ ಎದ್ದು ಬಾರ್ಲಿ ನೆನೆಹಾಕಿ, ಹತ್ತು ಗಂಟೆಗೆ ಸಿಹಿ ನೀರು ಬಸಿದು ಕೊಳಗ ಬರ್ನರಿನ ಮೇಲಿಟ್ಟೆ. ಸಿಲಿಂಡರು ತಿರುಗಿಸಿ, ಉದ್ದ ಮೂತಿಯ ಲೈಟರಿನಿಂದ ದೂರದಿಂದಲೇ ಹಚ್ಚಿದೆ. ಹತ್ತಿತು. ಆದರೆ ಗೊರ್ ಅನ್ನಲಿಲ್ಲ. ದೇವರ ಮುಂದಿನ ದೀಪದಷ್ಟು ಉರಿ, ನಾಲ್ಕು ಕಡೆ ನಾಲ್ಕು ಬತ್ತಿ.

ಉರಿ ಜಾಸ್ತಿ ಮಾಡೋಣ ಅಂತ ರೆಗ್ಯುಲೇಟರಿನ ಗುಂಡಿಯನ್ನು ಬಲಕ್ಕೆ ತಿರುಗಿಸಲು ಹೋದೆ. ಅದು ಅಲುಗಾಡಲಿಲ್ಲ. ಸಿಕ್ಕಿಕೊಂಡಿದೆ ಅಂದುಕೊಂಡೆ. ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಹುಡುಕಿ ಸಂಬಳ ತೆಗೆದುಕೊಳ್ಳುವವಳು ನಾನು, ಹೆದರುತ್ತೇನೆಯೇ? ಸಿಲಿಂಡರು ಎತ್ತಿ ನೋಡಿದೆ, ಭಾರವಿತ್ತು. ಪೈಪು ತಡವಿದೆ, ಎಲ್ಲೂ ಮಡಚಿರಲಿಲ್ಲ. ಸಾಬೂನು ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಕೊಳವೆ ಇಣುಕಿದೆ, ಬಾಡಿಗೆದಾರರಿಲ್ಲ. ಅತ್ತೆ ಪಿನ್ನು ಹಿಡಿದು ಬಂದು ಚುಚ್ಚಿದರು. ಸಿಲಿಂಡರು ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ತಿರುಗಿಸಿ ಹಚ್ಚಿದೆ. ಅದೇ ದೀಪ. ಅದನ್ನೂ ಗಾಳಿ ಆರಿಸಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು.

ಒಂದು ಗಂಟೆ ಹೋಯಿತು. ಬಾರ್ಲಿ ನೀರು ಉಗುರು ಬೆಚ್ಚಗಾಗಿತ್ತು. ಹಾಗೇ ಬಿಟ್ಟರೆ ಸಂಜೆಗೆ ಹುಳಿಯುತ್ತದೆ. ಅದು ಹೋದರೆ ಹೋಗಲಿ, ಇನ್ನೊಂದು ಸಲ ಮಾಡಬಹುದು. ಬರ್ನರೇ ಹೋದರೆ? ಫ್ರಿಜ್ಜಿನ ಮೇಲೆ ಉಳಿದಿದ್ದು ಅರ್ಧ ಗೆರೆ. ಮನೆಯವರು ಒಳಗಿದ್ದರು, ಯಾವ ಕ್ಷಣದಲ್ಲಾದರೂ ಹಿತ್ತಲಿಗೆ ಬರಬಹುದಿತ್ತು. ಮಗಳನ್ನು ಕರೆದು, "ಅಪ್ಪನ್ನ ಮುಂದಿನ ರೂಮಲ್ಲೇ ಇಟ್ಕೋ" ಅಂದೆ.

"ಹೌ?" ಅಂದಳು.

"ನಿನ್ನ ಕಾಲೇಜಿನ ಅರ್ಜಿಯ ಪ್ರಬಂಧಕ್ಕೆ ಸಲಹೆ ಕೇಳು."

ಅವಳು ಮುಖ ಹುಳ್ಳಗೆ ಮಾಡಿದಳು, ಆದರೂ ಹೋದಳು. ಒಳ್ಳೆಯ ಹುಡುಗಿ. ಮನೆಯವರ ಉಪದೇಶ ಶುರುವಾಗಿದ್ದು ಹಿತ್ತಲಿಗೂ ಕೇಳಿಸಿತು. ಎರಡು ಗಂಟೆಗೆ ಕಡಿಮೆಯಿಲ್ಲ ಅಂದುಕೊಂಡೆ.

ಅರ್ಧ ಗಂಟೆಗೆ ದನಿ ನಿಂತುಹೋಯಿತು. ನಾನು ಪೈಪನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುವುದರಲ್ಲಿ ಮುಳುಗಿದ್ದೆ. ಅತ್ತೆ ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ. ಎಲ್ಲೋ ಸೈರನ್ ಕೇಳಿಸಿತು. ಅಯ್ಯೋ ಪಾಪ, ಯಾರ ಮನೆಗೆ ಏನಾಯಿತೋ ಅಂದುಕೊಂಡೆ. ಸೈರನ್ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ನಮ್ಮ ಮನೆ ಮುಂದೆ ನಿಂತಿತು.

ಆಗಿದ್ದು ಇಷ್ಟು. ಉರಿ ಆರಿದಾಗೆಲ್ಲ ಸೋರಿದ ಗ್ಯಾಸಿನ ವಾಸನೆಯನ್ನು ಗಾಳಿ ಮುಂದಿನ ರೂಮಿನ ಕಿಟಕಿಗೆ ತಲುಪಿಸಿತ್ತು. ಮನೆಯವರು ಮಗಳನ್ನೂ ಅತ್ತೆಯನ್ನೂ ಅತ್ತೆಯ ಕುರ್ಚಿಯನ್ನೂ ರಸ್ತೆಗೆ ಸಾಗಿಸಿ 911ಕ್ಕೆ ಫೋನ್ ಮಾಡಿದ್ದರು. ನನ್ನನ್ನು ಕೂಗಿದರಂತೆ, ಸಿಲಿಂಡರಿನ ಹತ್ತಿರ ಬರಲಾರದೆ ದೂರದಿಂದ, ಮೆಲ್ಲಗೆ.

ಪಕ್ಕದ ಗೇಟಿನಿಂದ ಫೈರ್ ಬ್ರಿಗೇಡಿನ ನಾಲ್ಕು ಜನ ನುಗ್ಗಿದರು. ದಪ್ಪ ಕೋಟು, ಹೆಲ್ಮೆಟ್ಟು, ಒಬ್ಬನ ಕೈಯಲ್ಲಿ ಕೊಡಲಿ. ಎಲ್ಲರಿಗಿಂತ ಮುಂದೆ ಕ್ಯಾಪ್ಟನ್, ನನ್ನಷ್ಟೇ ವಯಸ್ಸಿನ ಹೆಂಗಸು.

"ಬೆಂಕಿ ಎಲ್ಲಿ?" ಅಂತ ಕೇಳಿದಳು.

"ಬೆಂಕಿ ಇಲ್ಲ. ಬೆಳಗಿನಿಂದ ಅದೇ ಸಮಸ್ಯೆ" ಅಂದೆ. ಅಂದವಳೇ ಅತ್ತುಬಿಟ್ಟೆ. ಮರ್ಯಾದೆ ಬಿಟ್ಟು, ಮಸಿ ಕೈಯಲ್ಲಿ ಕಣ್ಣೊರೆಸಿಕೊಂಡು ಬಿಕ್ಕಿದೆ.

ಅವಳು ಹೆಲ್ಮೆಟ್ ತೆಗೆದಳು. ಹಿಂದಿದ್ದವನು ಕೊಡಲಿ ಇಳಿಸಿದ. "ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಬೆಂಕಿ ಹತ್ತಲಿಲ್ಲ ಅಂತ ನಮ್ಮನ್ನು ಕರೆಸಿದ ಮನೆ ಇದೊಂದೇ" ಅಂದಳು.

ಅವರು ಯಂತ್ರ ಹಿಡಿದು ಎಲ್ಲ ಕಡೆ ಗ್ಯಾಸು ಪರೀಕ್ಷೆ ಮಾಡಿದರು. ಅಪಾಯವಿಲ್ಲ ಅಂದ ಮೇಲೆ ರಸ್ತೆಯಲ್ಲಿದ್ದವರೂ ಒಳಗೆ ಬಂದರು, ಮನೆಯವರು ಎಲ್ಲರಿಗಿಂತ ಹಿಂದೆ. ಕ್ಯಾಪ್ಟನ್ ಕೂತು ರೆಗ್ಯುಲೇಟರಿನ ಗುಂಡಿ ಹಿಡಿದು ಎಡಕ್ಕೆ ತಿರುಗಿಸಿದಳು. ಅದು ಸಲೀಸಾಗಿ ತಿರುಗಿತು. ತಿರುಗುತ್ತಲೇ ಹೋಯಿತು.

"ಇದನ್ನು ಪೂರ್ತಿ ತೆರೆದಿಟ್ಟವರು ಯಾರು?"

ನಾನಲ್ಲ ಅಂದೆ. ಅವಳು ವಿವರಿಸಿದಳು. ಈ ಗುಂಡಿ ನಲ್ಲಿಯ ಹಾಗಲ್ಲ, ಉಲ್ಟಾ. ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಅದು ತೆರೆದಿರುವಾಗಲೇ ಸಿಲಿಂಡರು ತಿರುಗಿಸಿದರೆ ಗ್ಯಾಸು ಒಮ್ಮೆಲೇ ನುಗ್ಗುತ್ತದೆ. ಆಗ ಸಿಲಿಂಡರಿನ ಬಾಯಲ್ಲಿರುವ ಕಾವಲು ಕವಾಟ, ಎಲ್ಲೋ ಪೈಪು ಹರಿದಿರಬೇಕು ಅಂತ ತಿಳಿದು ದಾರಿ ಬಿಗಿ ಮಾಡಿಬಿಡುತ್ತದೆ. ಹಾಗಾಗಿ ದೀಪದಷ್ಟೇ ಉರಿ. ಎಷ್ಟು ಸಲ ಹಚ್ಚಿದರೂ ಅಷ್ಟೇ.

ನಾನು ತಿರುಗಿ ನೋಡಿದೆ. ಮನೆಯವರು ಕ್ಲಾಸಿನಲ್ಲಿ ಎತ್ತುವ ಹಾಗೆ ನಿಧಾನವಾಗಿ ಕೈ ಎತ್ತಿದರು.

"ಗುರುವಾರ ಸಂಜೆ ನೀನು ನೀರು ಕಾಯಿಸಿ ಟೆಸ್ಟ್ ಮಾಡ್ತಿದ್ದಿ. ಆಫೀಸಿನ ಫೋನ್ ಬಂತು, ಆರಿಸಿ ಬನ್ನಿ ಅಂತ ಹೇಳಿ ಒಳಗೆ ಹೋದಿ. ನಾನು ಉಸಿರು ಬಿಗಿ ಹಿಡಿದು ಬಂದು ಸಿಲಿಂಡರ್ ಬಂದ್ ಮಾಡಿದೆ. ಸಮಾಧಾನ ಆಗಲಿಲ್ಲ. ಯಾವುದಕ್ಕೂ ಇರ್ಲಿ ಅಂತ ಈ ಗುಂಡಿನೂ ಬಲಕ್ಕೆ ತಿರುಗಿಸಿ ಗಟ್ಟಿಯಾಗಿ ಬಂದ್ ಮಾಡಿದೆ. ಮತ್ತ ಎರಡು ಸಲ ಚೆಕ್ ಮಾಡಿದೆ."

ಕ್ಯಾಪ್ಟನ್ ಎಲ್ಲ ಮುಚ್ಚಿ, ಸ್ವಲ್ಪ ಕಾದು, ಸಿಲಿಂಡರನ್ನು ನಿಧಾನವಾಗಿ ತೆರೆದು, ಆಮೇಲೆ ಗುಂಡಿ ತಿರುಗಿಸಿ ಹಚ್ಚು ಅಂದಳು. ಹಚ್ಚಿದೆ. ಗೊರ್ ಅಂತ ನೀಲಿ ಉರಿ ಎದ್ದಿತು. ಕೊಡಲಿಯವನು ಚಪ್ಪಾಳೆ ತಟ್ಟಿದ.

"ಏನಂತಾಳಪಾ ಆಕಿ?" ಅಂತ ಅತ್ತೆ ಮಗನನ್ನು ಕೇಳಿದರು.

"ಏನಿಲ್ಲವ್ವಾ. ಎಲ್ಲಾ ಸರಿ ಐತಿ ಅಂತಾಳ."

ಅತ್ತೆ ಮೊಮ್ಮಗಳ ಕಡೆ ತಿರುಗಿದರು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಅಷ್ಟಾಗಿ ಬರುವುದಿಲ್ಲ. ಬರುವಷ್ಟನ್ನು ಒಟ್ಟು ಮಾಡಿ ಹೇಳಿದಳು. "ಅಜ್ಜಿ, ಬರ್ನರ್ ಗುಡ್. ಅಪ್ಪ ತೊಂದರೆ."

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ ತೊಂದರಿ ಮಾಡಿದ್ದು ಹೊರಗ ಹೋಗ್ಬೇಕಂತ ನೀನs ಬರದೀಯಲ್ಲ. ನಡಿ ಹೊರಗ."

"ಅವ್ವಾ! ಎಲ್ಲಿ ಹೋಗ್ಲಿ ನಾನು?"

"ಎಲ್ಲೂ ದೂರ ಬ್ಯಾಡ, ಹಿತ್ತಲದಾಗs ಇರು. ಕೊಳಗ ಕುದಿಯೂಮಟ ಆ ಸಿಲಿಂಡರಿನ ಮಗ್ಗಲಕ್ಕ ನಿಂದರು. ನನ್ನ ಸೊಸಿ ಬೆಳಗಿಂದ ಏನೂ ತಿಂದಿಲ್ಲ, ಒಳಗ ಬಂದು ಚಾ ಕುಡೀಲಿ."

ನಾನು ಒಳಗೆ ಹೋಗಿ ಕೂತು ಎರಡು ಲೋಟ ಚಹಾ ಕುಡಿದೆ. ಮನೆಯವರು ಪೂರ್ತಿ ಒಂದು ಗಂಟೆ ಸಿಲಿಂಡರಿನ ಪಕ್ಕ ನಿಂತಿದ್ದರು, ಮಗಳ ಸೈಕಲ್ ಹೆಲ್ಮೆಟ್ ಹಾಕಿಕೊಂಡು.